ಪಟ್ಟಿಯಕ್ಕನ ಬೆಡ್‌ಶೀಟ್ ನಕ್ಷೆ

ಪರ್ರ್. ಇಷ್ಟೇ ಸದ್ದು. ಆಸ್ಪತ್ರೆಗೆ ಆಸ್ಪತ್ರೆಯೇ ಮಲಗಿರುವ ಹೊತ್ತಿನಲ್ಲಿ, ಮೊದಲ ಮಹಡಿಯ ಕಾರಿಡಾರಿನ ತುದಿಯಿಂದ, ಯಾರೋ ಬಟ್ಟೆಯ ಅಂಚನ್ನು ಹುಷಾರಾಗಿ ಹರಿದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಹೊಸದಾಗಿ ಸೇರಿದ ನರ್ಸು ಇಲಿಯೇ ಇರಬೇಕೆಂದು ಕಾಲು ಮೇಲೆತ್ತಿ ಕೂರುತ್ತಾಳೆ. ಹಳಬರು ತಲೆ ಎತ್ತುವುದಿಲ್ಲ. ಪಟ್ಟಿಯಕ್ಕ ಬಂದಾಯಿತು, ಇನ್ನೇನು ಬೆಳಗಾಗುತ್ತದೆ ಎಂದುಕೊಂಡು ರಾತ್ರಿ ಪಾಳಿಯ ಕಡೆಯ ಸುತ್ತಿಗೆ ಏಳುತ್ತಾರೆ.

ಬಟ್ಟೆ ಸ್ಟೋರಿನ ಬಾಗಿಲು ಅರ್ಧ ತೆರೆದಿದೆ. ನಾಲ್ಕೂ ಗೋಡೆಗೆ ಕಬ್ಬಿಣದ ಕಪಾಟುಗಳು, ಅವುಗಳಲ್ಲಿ ಸೂರು ಮುಟ್ಟುವಂತೆ ಮಡಚಿಟ್ಟ ಬೆಡ್‌ಶೀಟು, ದಿಂಬಿನ ಚೀಲ, ಹಸಿರು ಗೌನು. ನಡುವೆ ಉಳಿದ ಒಂದಿಷ್ಟು ನೆಲದ ಮೇಲೆ ಹಳೆಯದೊಂದು ಬೆಡ್‌ಶೀಟನ್ನು ಹರಡಿಕೊಂಡು ಐವತ್ತು ದಾಟಿದ ಹೆಂಗಸೊಬ್ಬರು ಮೊಣಕಾಲೂರಿ ಕೂತಿದ್ದಾರೆ. ಕನ್ನಡಕ ಹಣೆಯ ಮೇಲಿದೆ. ಎಡಗೈಯಲ್ಲಿ ಗಾಯಕ್ಕೆ ಅಂಟಿಸುವ ಬಿಳಿ ಟೇಪಿನ ಸುರುಳಿ. ಬೆರಳುದ್ದ ಹರಿಯುತ್ತಾರೆ, ಮಾರ್ಕರ್ ಪೆನ್ನಿನಿಂದ ಅದರ ಮೇಲೊಂದು ಪದ ಬರೆಯುತ್ತಾರೆ, ಬೆಡ್‌ಶೀಟಿಗೆ ಅಂಟಿಸುತ್ತಾರೆ, ಹಿಂದೆ ಸರಿದು ನೋಡುತ್ತಾರೆ. ಮನಸ್ಸಿಗೆ ಬರದಿದ್ದರೆ ಕಿತ್ತು ಇನ್ನೊಂದು ಕಡೆ ಅಂಟಿಸುತ್ತಾರೆ.

ಬಟ್ಟೆಯ ನಟ್ಟನಡುವೆ ಈ ಹೊತ್ತು ‘ಅಡುಗೆಮನೆ’ ಎಂಬ ಪದವಿದೆ. ಬರುವ ತಿಂಗಳು ಆಸ್ಪತ್ರೆಯ ಅಡುಗೆಮನೆಯ ನೆಲ ಅಗೆದು ಹೊಸ ಪೈಪು ಹಾಕುತ್ತಾರೆ. ಅಷ್ಟೂ ದಿನ ರೋಗಿಗಳ ಹೊಟ್ಟೆ ಸುಮ್ಮನಿರುವುದಿಲ್ಲವಲ್ಲ. ‘ಅಡುಗೆಮನೆ’ಯ ಸುತ್ತ ‘ಗ್ಯಾಸ್’, ‘ಬಿಸಿನೀರು’, ‘ಸಕ್ಕರೆ ಕಾಯಿಲೆಯವರ ಊಟ’, ‘ತಟ್ಟೆ ತೊಳೆಯೋದು’, ‘ಹಿಂದಿನ ಗೇಟು’ ಎಂಬ ಪದಗಳು ಹರಡಿವೆ. ಒಂದು ಪದದಿಂದ ಇನ್ನೊಂದಕ್ಕೆ ತೆಳ್ಳನೆ ಬ್ಯಾಂಡೇಜು ಪಟ್ಟಿ ಎಳೆದಿದೆ. ಪ್ರತಿ ಪಟ್ಟಿಯ ಮೇಲೂ ಸಣ್ಣಕ್ಷರದಲ್ಲಿ ಇನ್ನೊಂದು ಮಾತು: ‘ಬರೋವರೆಗೆ ಕಾಯುತ್ತೆ’, ‘ಇಲ್ಲದಿದ್ರೆ ನಿಲ್ಲುತ್ತೆ’, ‘ದಾರಿ ಬಿಡಬೇಕು’. ದೂರದಿಂದ ನೋಡಿದರೆ ಯಾರಿಗೋ ಮೈತುಂಬ ಗಾಯವಾಗಿ ಕಟ್ಟು ಹಾಕಿದ ಹಾಗೆ ಕಾಣುತ್ತದೆ. ‘ಪಟ್ಟಿಯಕ್ಕ’ ಎಂಬ ಹೆಸರು ಬಂದದ್ದು ಹೀಗೆ. ಇಟ್ಟವರು ಯಾರೆಂದು ಅವರಿಗೂ ನೆನಪಿಲ್ಲ.

ಕಲಿಸುವವರ ಪುಸ್ತಕದಲ್ಲಿ ಇದಕ್ಕೆ ಪರಿಕಲ್ಪನಾ ನಕ್ಷೆ ಎನ್ನುತ್ತಾರೆ. ತಲೆಯಲ್ಲಿರುವ ವಿಷಯಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಯಾವುದಕ್ಕೆ ಯಾವುದರ ಜತೆ ಏನು ಸಂಬಂಧ ಎಂದು ಕಣ್ಣೆದುರು ಹರಡಿಕೊಳ್ಳುವ ವಿಧಾನ. ಮಾಡಬೇಕಾದ ಕೆಲಸಗಳನ್ನು ಮೇಲಿಂದ ಕೆಳಗೆ ಬರೆದುಕೊಂಡು ಒಂದೊಂದಾಗಿ ಗೀಟು ಹಾಕುವುದು ಎಲ್ಲರಿಗೂ ಗೊತ್ತು. ಅದರಲ್ಲಿ ಯಾವುದು ಯಾವುದರ ಕೈ ಹಿಡಿದುಕೊಂಡಿದೆ ಎಂಬುದು ಕಾಣುವುದಿಲ್ಲ ಎಂಬುದೇ ಪಟ್ಟಿಯಕ್ಕನ ತಕರಾರು. ಗೆರೆಯ ಮೇಲೆ ಮಾತಿಲ್ಲದ ನಕ್ಷೆಯನ್ನು ಅವರು ಒಪ್ಪುವುದಿಲ್ಲ.

“ಗೆರೆ ಯಾರು ಬೇಕಾದ್ರೂ ಎಳೀತಾರೆ. ಮದುವೆ ಮನೇಲಿ ಸಿಕ್ಕಿದೋರೆಲ್ಲ ‘ನಾವು ನಿಮಗೆ ಹತ್ತಿರದ ಸಂಬಂಧ’ ಅಂತಾರಲ್ಲ, ಹಾಗೆ. ಏನು ಸಂಬಂಧ ಅಂತ ಕೇಳಿದ್ರೆ ತಡವರಿಸ್ತಾರೆ. ಹೇಳೋಕೆ ಬರಲಿಲ್ಲ ಅಂದ್ರೆ ನಮಗೆ ಅದು ಗೊತ್ತಿಲ್ಲ ಅಂತಲೇ ಲೆಕ್ಕ” ಎನ್ನುತ್ತಾರೆ, ಟೇಪು ಹಲ್ಲಿನಲ್ಲಿ ಕಚ್ಚಿಕೊಂಡು.

ಕಿಟಕಿಯಾಚೆ ಬೆಳಕು ಹರಿಯುತ್ತದೆ. ಹಾಲಿನ ವ್ಯಾನು ಹಿಂದಿನ ಗೇಟಿನಲ್ಲಿ ಹಾರ್ನ್ ಹೊಡೆಯುತ್ತದೆ. ಪಟ್ಟಿಯಕ್ಕ ಆ ಸದ್ದಿಗೆ ಕಿವಿಗೊಟ್ಟು, ‘ಹಾಲಿನ ವ್ಯಾನು’ ಎಂದು ಬರೆದು ‘ಹಿಂದಿನ ಗೇಟು’ ಪದದ ಪಕ್ಕ ಅಂಟಿಸುತ್ತಾರೆ. ಪೈಪಿನ ಲಾರಿಯೂ ಅದೇ ಗೇಟಿಗೆ ಬರುವುದು. ಎರಡರ ನಡುವೆ ಎಳೆಯುವ ಪಟ್ಟಿಯ ಮೇಲೆ ಏನು ಬರೆಯುವುದೆಂದು ಯೋಚಿಸುತ್ತಾರೆ. ಆಮೇಲೆ ಬರೆಯುತ್ತಾರೆ: ‘ಜಗಳ ಆಡುತ್ತೆ’.

ಇದು ಅವರ ಕೆಲಸವಲ್ಲ. ಅವರ ಕೆಲಸ ಬಟ್ಟೆ ಸ್ಟೋರ್ ನೋಡಿಕೊಳ್ಳುವುದು. ದಿನಕ್ಕೆ ನಾನೂರರ ಆಸುಪಾಸು ಬೆಡ್‌ಶೀಟು ವಾರ್ಡುಗಳಿಗೆ ಹೋಗುತ್ತದೆ, ಅಷ್ಟೇ ಕೊಳೆಯಾಗಿ ಲಾಂಡ್ರಿಗೆ ಇಳಿಯುತ್ತದೆ, ಒಗೆದು ಒಣಗಿ ಅವರ ಕೈಗೆ ವಾಪಸು ಬರುತ್ತದೆ. ಹರಿದದ್ದನ್ನು ಬೇರೆ ಮಾಡಬೇಕು, ಕಲೆ ಹೋಗದ್ದನ್ನು ಮತ್ತೆ ಕಳಿಸಬೇಕು, ತೀರ ಹಳತಾದದ್ದನ್ನು ಒರೆಸುವ ಬಟ್ಟೆಗೆ ಕತ್ತರಿಸಬೇಕು. ಹೊಸದಾಗಿ ಸೇರುವ ಸಹಾಯಕಿಯರಿಗೆ, ನೆಲ ಒರೆಸುವವರಿಗೆ ಬಟ್ಟೆಯ ಶಿಸ್ತು ಕಲಿಸುವುದೂ ಅವರದೇ ಪಾಲು. ಮೊದಲ ದಿನ ಮೊದಲು ಹೇಳಿಕೊಡುವ ಮಾತು ಒಂದೇ: ನೆಲ ಮುಟ್ಟಿದ ಬಟ್ಟೆ ಒಗೆಯೋಕೆ. ಅದು ಎಷ್ಟೇ ಬೆಳ್ಳಗಿರಲಿ, ಈಗಷ್ಟೇ ಕಪಾಟಿನಿಂದ ತೆಗೆದದ್ದಿರಲಿ, ನೆಲಕ್ಕೆ ಬಿತ್ತೋ, ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿ ಲಾಂಡ್ರಿಗೆ. ಯೋಚನೆ ಮಾಡುತ್ತ ನಿಲ್ಲಬಾರದು, ಯಾರನ್ನೂ ಕೇಳಬಾರದು. ಈ ಮಾತು ಮುಂದೆ ಅವರಿಗೇ ತಿರುಗಿ ಬಂತು.

ಪಟ್ಟಿಯಕ್ಕ ನರ್ಸ್ ಆಗಬೇಕಿದ್ದವರು. ಹತ್ತೊಂಬತ್ತರಲ್ಲಿ ನರ್ಸಿಂಗ್ ಶಾಲೆ ಸೇರಿದರು. ಅಲ್ಲಿನ ಪಾಠದ ಮೇಡಂ ಒಬ್ಬ ರೋಗಿಯನ್ನು ನಡುವೆ ಬರೆದು, ಅವನ ಜ್ವರ, ಅವನ ಔಷಧಿ, ಅವನ ಭಯ, ಅವನನ್ನು ನೋಡಲು ಬಾರದ ಮಗ, ಎಲ್ಲವನ್ನೂ ಗೆರೆ ಎಳೆದು ಜೋಡಿಸಲು ಕಲಿಸುತ್ತಿದ್ದರು. ಗೆರೆಯ ಮೇಲೆ ಮಾತು ಬರೆಯದಿದ್ದರೆ ಸೊನ್ನೆ. ಒಂದು ವರ್ಷ ತುಂಬುವಷ್ಟರಲ್ಲಿ ಪಟ್ಟಿಯಕ್ಕನ ತಾಯಿ ಪಾರ್ಶ್ವವಾಯು ಬಡಿದು ಮಲಗಿದರು. ಇಬ್ಬರು ಅಣ್ಣಂದಿರು, ಒಬ್ಬಳೇ ತಂಗಿ. ಯಾರು ಓದು ಬಿಡಬೇಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ.

ಅಮ್ಮನನ್ನು ನೋಡಿಕೊಂಡ ಆ ದಿನಗಳಲ್ಲೊಂದು ಭಾನುವಾರ, ಬೇರೆ ಮನೆಯಲ್ಲಿದ್ದ ಅಣ್ಣಂದಿರು, ಅತ್ತಿಗೆ ಬಂದಾಗ ಜಗಳ ಎದ್ದಿತು. ನಾವೇನು ಅಮ್ಮನನ್ನು ಕೈಬಿಟ್ಟಿದ್ದೀವಾ ಎಂದು ದೊಡ್ಡಣ್ಣ ದನಿ ಎತ್ತಿದ. ತಂಗಿ ಎದುರಾಡದೆ ಹಳೆಯ ಸೀರೆಯೊಂದನ್ನು ಹಾಸಿ, ಮೇಡಂ ಕಲಿಸಿದಂತೆ ಕಾಗದದ ಚೂರುಗಳಲ್ಲಿ ಪದ ಬರೆದು ಇಟ್ಟಳು. ನಡುವೆ ಅಮ್ಮ. ಸುತ್ತ ಸ್ನಾನ, ಮಾತ್ರೆ, ಮಗ್ಗುಲು ಬದಲಿಸುವುದು, ರಾತ್ರಿ ಎದ್ದು ನೀರು ಕೊಡುವುದು. ಆಮೇಲೆ ಹೊಲಿಗೆ ದಾರದಿಂದ ಗೆರೆ ಎಳೆದಳು. ಎಲ್ಲ ದಾರವೂ ಒಂದೇ ಚೂರಿಗೆ ಬಂದು ಸೇರಿತು. ಅದರಲ್ಲಿ ‘ನಾನು’ ಎಂದು ಬರೆದಿತ್ತು. ದೊಡ್ಡಣ್ಣನ ಹೆಸರಿನಿಂದ ಅಮ್ಮನಿಗೆ ಒಂದೇ ದಾರ. ಅದರ ಮೇಲೆ ಏನು ಬರೆಯಲಿ ಎಂದು ಕೇಳಿದಳು. ‘ಪ್ರೀತಿ’ ಅಂತ ಬರಿ ಎಂದ ಅವನು.

“ಪ್ರೀತಿ ಸರಿ ಅಣ್ಣ, ಅದು ಎಷ್ಟು ಗಂಟೆಗೆ ಬರುತ್ತೆ?”

ಅತ್ತಿಗೆ ಮೊದಲು ನಕ್ಕರು, ಆಮೇಲೆ ಚಿಕ್ಕಣ್ಣ ನಕ್ಕ. ದೊಡ್ಡಣ್ಣ ನಗಲಿಲ್ಲ. ‘ರಾತ್ರಿ ನೀರು’ ಎಂಬ ಚೂರನ್ನು ಎತ್ತಿ ತನ್ನ ಹೆಸರಿನ ಪಕ್ಕ ಇಟ್ಟ. ಅಮ್ಮ ತೀರಿಕೊಳ್ಳುವವರೆಗೆ ವಾರಕ್ಕೆ ಮೂರು ರಾತ್ರಿ ಅವನು ತಪ್ಪದೆ ಬಂದ. ನಕ್ಷೆ ಯಾರನ್ನೂ ಬೈಯುವುದಿಲ್ಲ, ಸುಮ್ಮನೆ ತೋರಿಸುತ್ತದೆ, ಅದಕ್ಕೇ ಜನ ಅದರ ಮಾತು ಕೇಳುತ್ತಾರೆ ಎಂಬುದು ಪಟ್ಟಿಯಕ್ಕನ ಅನುಭವ.

ಅಮ್ಮ ಹೋದ ಮೇಲೆ ಶಾಲೆಗೆ ವಾಪಸು ಹೋಗುವ ವಯಸ್ಸು ದಾಟಿತ್ತು. ಮದುವೆಯಾಯಿತು, ಆಸ್ಪತ್ರೆಯ ಬಟ್ಟೆ ಸ್ಟೋರಿನಲ್ಲಿ ಕೆಲಸ ಸಿಕ್ಕಿತು. ಯಜಮಾನರು ಶಾಲಾ ವ್ಯಾನು ಓಡಿಸುತ್ತಾರೆ. ಮನೆಯಲ್ಲೂ ಅಡುಗೆಕಟ್ಟೆಯ ಮೇಲೆ ಟೇಪು ಅಂಟಿಸಿದ ಪದಗಳಿವೆ. ಅವುಗಳಲ್ಲಿ ತನ್ನ ಸ್ಥಾನ ಎಲ್ಲಿದೆ ಎಂದು ಹುಡುಕುವುದೇ ತನ್ನ ಬೆಳಗಿನ ಕೆಲಸ ಎಂದು ಯಜಮಾನರು ಗೊಣಗುತ್ತಾರೆ. “ಒಂದ್ಸಲ ಸಿಲಿಂಡರಿಗೂ ಕಸಕ್ಕೂ ನಡುವೆ ನನ್ನ ಹೆಸರು ಸಿಕ್ತು. ಬೇಜಾರಾಗಲಿಲ್ಲ. ಮನೇಲಿ ಇದೀನಿ ಅಂತ ಖಾತ್ರಿ ಆಯ್ತು” ಎಂದು ಹೇಳಿ ಹೆಂಡತಿಯ ಮುಖ ನೋಡುತ್ತಾರೆ. ಪಟ್ಟಿಯಕ್ಕ ಕೇಳಿಸಿಕೊಂಡೂ ಕೇಳಿಸದವರ ಹಾಗೆ ಪಾತ್ರೆ ಒರೆಸುತ್ತಾರೆ.

ಆಸ್ಪತ್ರೆಯಲ್ಲಿ ಮೊದಲು ಅವರ ನಕ್ಷೆಯನ್ನು ಕಂಡು ಕೇಳಿದ್ದು ಮಕ್ಕಳ ವಾರ್ಡಿನ ಹೆಡ್ ನರ್ಸ್. ಹೆಂಗಸರ ವಾರ್ಡಿಗೆ ಬಣ್ಣ ಬಳಿಯುವ ಸಮಯ. ಯಾವ ಮಂಚ ಎಲ್ಲಿಗೆ ಸರಿಯಬೇಕೆಂದು ಎಲ್ಲರೂ ತಲೆಗೊಂದು ಮಾತಾಡುತ್ತಿದ್ದಾಗ ಪಟ್ಟಿಯಕ್ಕ ತಮ್ಮ ಬಟ್ಟೆಯ ಲೆಕ್ಕಕ್ಕೆಂದು ಒಂದು ಬೆಡ್‌ಶೀಟಿನ ಮೇಲೆ ಪದ ಅಂಟಿಸಿಕೊಂಡಿದ್ದರು. ಹೆಡ್ ನರ್ಸ್ ಅದನ್ನು ನೋಡಿ, ಎಲ್ಲರನ್ನೂ ಸ್ಟೋರಿಗೇ ಕರೆಸಿದರು. ಅಲ್ಲಿಂದ ಮುಂದೆ ಆಸ್ಪತ್ರೆಯಲ್ಲಿ ಏನಾದರೂ ಕಿತ್ತು ಕಟ್ಟುವ ಕೆಲಸ ಬಂದರೆ ಸಭೆ ಸ್ಟೋರಿನ ನೆಲದ ಮೇಲೆ. ಡಾಕ್ಟರಾದರೂ ಚಪ್ಪಲಿ ಹೊರಗೆ ಬಿಟ್ಟು ಬರಬೇಕು, ಬೆಡ್‌ಶೀಟಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂರಬೇಕು. ಇದಕ್ಕೆ ಬೇರೆ ಸಂಬಳವಿಲ್ಲ. ಟೇಪು, ಬ್ಯಾಂಡೇಜು ಮಾತ್ರ ಹೆಡ್ ನರ್ಸ್ ಅವಧಿ ಮುಗಿದದ್ದನ್ನು ಎತ್ತಿಟ್ಟು ಕೊಡುತ್ತಾರೆ.

ಈ ಎಲ್ಲ ನಕ್ಷೆಗಳಲ್ಲಿ ದೊಡ್ಡದು, ಹಸುಗೂಸುಗಳ ವಾರ್ಡನ್ನು ಹೊಸ ಕಟ್ಟಡಕ್ಕೆ ಸಾಗಿಸಿದ್ದರದ್ದು.

ತಿಂಗಳು ತುಂಬುವ ಮೊದಲೇ ಹುಟ್ಟಿದ ಏಳು ಕೂಸುಗಳು ಆಗ ವಾರ್ಡಿನಲ್ಲಿದ್ದವು. ಎಲ್ಲವೂ ಗಾಜಿನ ಬೆಚ್ಚನೆ ಪೆಟ್ಟಿಗೆಯೊಳಗೆ. ಪೆಟ್ಟಿಗೆಗೆ ಚಕ್ರವಿದೆ, ಗೋಡೆಯ ವಿದ್ಯುತ್ ತಪ್ಪಿದರೆ ಅರ್ಧ ಗಂಟೆ ನಡೆಸುವ ಬ್ಯಾಟರಿ ಇದೆ. ಹಳೆಯ ಕಟ್ಟಡದ ಮೊದಲ ಮಹಡಿಯಿಂದ ಹೊಸ ಕಟ್ಟಡಕ್ಕೆ ಹೋಗಲು ಉದ್ದನೆಯ ಇಳಿಜಾರು ದಾರಿ. ಆ ಅರ್ಧ ಗಂಟೆಯೊಳಗೆ ಪ್ರತಿ ಪೆಟ್ಟಿಗೆಯೂ ಅಲುಗಾಡದೆ ಇಳಿದು, ಹೊಸ ಗೋಡೆಗೆ ತಂತಿ ಸಿಕ್ಕಿಸಿಕೊಳ್ಳಬೇಕು. ಇಳಿಜಾರಿನಲ್ಲಿ ಒಂದು ಪೆಟ್ಟಿಗೆ ಜಾರಿದರೆ ಮುಂದಿನದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಆರೂವರೆ ಎಂದು ಗೊತ್ತು ಮಾಡಿದ್ದರು. ಆ ಹೊತ್ತಿಗೆ ದಾರಿಯಲ್ಲಿ ಜನ ಕಡಿಮೆ.

ಮೂರು ವಾರ ಪಟ್ಟಿಯಕ್ಕನ ಬೆಡ್‌ಶೀಟ್ ತುಂಬುತ್ತ ಹೋಯಿತು. ಎಲೆಕ್ಟ್ರಿಷಿಯನ್ ಬಂದು ತನ್ನ ಪದ ಅಂಟಿಸಿದ, ಆಕ್ಸಿಜನ್ ಸಿಲಿಂಡರಿನವನು ಬಂದ, ನರ್ಸುಗಳು ಬಂದರು, ಹಾಲು ಹಿಂಡಿಕೊಡುವ ತಾಯಂದಿರೂ ಬಂದು ಕೂತರು. ದಿನವೂ ಏನಾದರೊಂದು ಬದಲಾಗುತ್ತಿತ್ತು. ಫೋಟೊ ತೆಗೆದಿಡೋಣವೇ ಎಂದು ಹೆಡ್ ನರ್ಸ್ ಕೇಳಿದಾಗ, ಪೂರ್ತಿಯಾಗಲಿ ಎಂದವರು ಪಟ್ಟಿಯಕ್ಕನೇ. ಶನಿವಾರ ಸಂಜೆ ಪೂರ್ತಿಯಾಯಿತು. ಕೊನೆಯ ಸಭೆಗೆ ಎಲ್ಲರನ್ನೂ ಕರೆಯಲು ಅವರು ಕೆಳಗಿನ ಮಹಡಿಗೆ ಹೋದರು. ಹತ್ತು ಹದಿನೈದು ನಿಮಿಷ ಆಗಿರಬಹುದು. ಜನರನ್ನು ಹಿಂದಿಟ್ಟುಕೊಂಡು ವಾಪಸು ಬಂದರೆ, ಸ್ಟೋರಿನ ನೆಲ ಖಾಲಿ.

ಬರೀ ಖಾಲಿಯಲ್ಲ, ಒರೆಸಿ ಫಳಫಳ ಹೊಳೆಯುತ್ತಿತ್ತು. ಟೇಪಿನ ಚೂರು, ಬ್ಯಾಂಡೇಜಿನ ಎಳೆ, ಒಂದೂ ಇಲ್ಲ. ಸ್ಟೋರಿನ ನೆಲ ಒರೆಸುವುದು ಯಾರ ಪಾಲಿಗೂ ಬರೆದಿಲ್ಲ. ಅದನ್ನು ಪಟ್ಟಿಯಕ್ಕನೇ ಮಾಡಿಕೊಳ್ಳುತ್ತಾರೆ. ನಾಳೆ ದೊಡ್ಡ ಕೆಲಸ, ಅಕ್ಕನಿಗೆ ಇವತ್ತಾದರೂ ಒಂದು ಕೆಲಸ ಉಳಿಯಲಿ ಎಂದು ಯಾರಿಗೋ ಅನ್ನಿಸಿದೆ. ಒರೆಸಲು ಬಂದವರಿಗೆ ನೆಲದ ಮೇಲೊಂದು ಬೆಡ್‌ಶೀಟ್ ಕಂಡಿದೆ. ಮುಂದೇನು ಮಾಡಬೇಕೆಂದು ಅವರಿಗೆ ಪಟ್ಟಿಯಕ್ಕನೇ ಕಲಿಸಿದ್ದರು.

ಎಲ್ಲರೂ ಲಾಂಡ್ರಿಗೆ ಓಡಿದರು. ಯಂತ್ರ ತಿರುಗುತ್ತಿತ್ತು. ಗುಂಡನೆಯ ಗಾಜಿನ ಬಾಗಿಲಿನಾಚೆ ಸೋಪಿನ ನೊರೆಯಲ್ಲಿ ಹತ್ತಾರು ಬೆಡ್‌ಶೀಟುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಒಂದು ಟೇಪಿನ ಚೂರು ಕಿತ್ತುಬಂದು ಗಾಜಿಗೆ ಒಳಗಿನಿಂದ ಅಂಟಿಕೊಂಡಿತ್ತು. ಅದರಲ್ಲಿ ‘ಕಾಯಬೇಕು’ ಎಂದಿತ್ತು. ನೋಡುನೋಡುತ್ತಿದ್ದಂತೆ ಮಸಿ ಕರಗಿ ಬರೀ ಬಿಳಿ ಚೂರು ಉಳಿಯಿತು.

ಲಾಂಡ್ರಿ ನಡೆಸುವ ಮುದುಕನನ್ನು ಇಡೀ ಆಸ್ಪತ್ರೆ ಮಾವ ಎಂದೇ ಕರೆಯುತ್ತದೆ. ಒಮ್ಮೆ ಶುರುವಾದರೆ ಪೂರ್ತಿಯಾಗುವವರೆಗೆ ಈ ಬಾಗಿಲು ಯಾರ ಅಪ್ಪ ಬಂದರೂ ತೆಗೆಯುವುದಿಲ್ಲ ಎಂದು ಅವರು ಕೈಚೆಲ್ಲಿದರು. ಆಮೇಲೆ ಪಟ್ಟಿಯಕ್ಕನ ಮುಖ ನೋಡಿ, ಏನಾದರೂ ಆಡಬೇಕೆಂದು ಆಡಿದರು: “ಏನೂ ಯೋಚನೆ ಮಾಡಬೇಡಮ್ಮ. ಹೊರಗೆ ಬರೋ ಹೊತ್ತಿಗೆ ನಿನ್ನ ಸಂಬಂಧಗಳೆಲ್ಲ ಬೆಳ್ಳಗಾಗಿರುತ್ತೆ.”

ಎಲೆಕ್ಟ್ರಿಷಿಯನ್ ನಕ್ಕುಬಿಟ್ಟ. ನಕ್ಕದ್ದಕ್ಕೆ ನಾಚಿ ಗೋಡೆಯ ಕಡೆ ತಿರುಗಿದ. ಪಟ್ಟಿಯಕ್ಕ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ತಲೆಯಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನು ಮತ್ತೆ ಹರಡೋಣ ಬನ್ನಿ ಎಂದು ಮೆಟ್ಟಿಲು ಹತ್ತಿದರು. ಸ್ಟೋರಿನ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟರು. ಕಾಲು ಸರ್ರನೆ ಜಾರಿತು. ಕಪಾಟಿನ ಕಂಬಿ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ನೆಲ ಇನ್ನೂ ಹಸಿಯಾಗಿತ್ತು.

ಕಂಬಿ ಹಿಡಿದುಕೊಂಡೇ ಅವರು ನಿಂತುಬಿಟ್ಟರು. ಹಿಂದಿದ್ದವರು ಕಾಲು ಉಳುಕಿತೇನೋ ಎಂದುಕೊಂಡರು. ಅವರು ತಿರುಗಿ ಕೇಳಿದ್ದು ಬೇರೆಯೇ: ಬೆಳಿಗ್ಗೆ ಇಳಿಜಾರು ದಾರಿಯನ್ನು ಒರೆಸುವುದು ಎಷ್ಟು ಹೊತ್ತಿಗೆ?

ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಮೂರು ವಾರದ ನಕ್ಷೆಯಲ್ಲಿ ‘ಬ್ಯಾಟರಿ’ ಇತ್ತು, ‘ಚಕ್ರ’ ಇತ್ತು, ‘ಎದೆಹಾಲು’ ಇತ್ತು. ನೆಲ ಒರೆಸುವವರು ಇರಲಿಲ್ಲ. ಕಾರಿಡಾರಿನಲ್ಲಿ ಬಕೆಟ್ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬರನ್ನು ಕರೆದು ಕೇಳಿದರು. ಆಕೆ ಬಾಗಿಲ ಹೊರಗೇ ನಿಂತು ಹೇಳಿದಳು: “ಆರಕ್ಕೆ ಶುರು ಮಾಡ್ತೀವಿ ಅಕ್ಕ. ನಾಳೆ ಮಾತ್ರ ಎರಡೆರಡು ಸಲ ಒರೆಸಿ ಅಂದಿದಾರೆ. ದೊಡ್ಡೋರೆಲ್ಲ ಬರ್ತಾರಂತಲ್ಲ, ಸೋಪಿನ ನೀರು ಹಾಕಿ ಉಜ್ಜಬೇಕಂತೆ.”

ಹೆಡ್ ನರ್ಸ್ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು.

ಆಮೇಲೆ ಹೊಸ ಬೆಡ್‌ಶೀಟ್ ಹಾಸಿದ್ದಾಯಿತು. ಈ ಸಲ ಪಟ್ಟಿಯಕ್ಕ ಮೊದಲು ಹರಿದ ಟೇಪಿನ ಮೇಲೆ ‘ನೆಲ ಒರೆಸುವವರು’ ಎಂದು ಬರೆದರು. ಬಕೆಟ್ ಹಿಡಿದಿದ್ದ ಆ ಹೆಂಗಸನ್ನೂ ಅವಳ ಪಾಳಿಯವರನ್ನೂ ಒಳಗೆ ಕರೆದು ಕೂರಿಸಿದರು. ನಮ್ಮದೇನಿರುತ್ತೆ ಅಕ್ಕ ಇದರಲ್ಲಿ ಎಂದು ಅವರು ಹಿಂಜರಿದರೂ ಬಿಡಲಿಲ್ಲ. ಯಾರು ಯಾರಿಗೆ ಕಾಯಬೇಕು, ಯಾರು ಹೇಳಿದ ಮೇಲೆ ಯಾರು ಕದಲಬೇಕು ಎಂದು ಒಬ್ಬೊಬ್ಬರ ಬಾಯಿಂದಲೂ ಅವರವರ ಮಾತನ್ನೇ ಕೇಳಿ ಬರೆದರು. ರಾತ್ರಿ ಊಟದ ಗಾಡಿ ಬಂದು ಹೋಗುವಷ್ಟರಲ್ಲಿ ನಕ್ಷೆ ಮತ್ತೆ ನಿಂತಿತು. ನೆಲ ಒರೆಸುವವರಿಂದ ಏಳೂ ಪೆಟ್ಟಿಗೆಗಳಿಗೆ ಅಗಲವಾದ ಒಂದೇ ಪಟ್ಟಿ. ಅದರ ಮೇಲೆ: ‘ಒಣಗಿದೆ ಅಂದಮೇಲೆ ಹೊರಡುತ್ತೆ’. ಹೆಡ್ ನರ್ಸ್ ಈ ಸಲ ಕೇಳದೆಯೇ ಫೋಟೊ ತೆಗೆದರು.

ಭಾನುವಾರ ಬೆಳಿಗ್ಗೆ ಸೋಪಿನ ನೀರು ಇಳಿಜಾರಿಗೆ ಬೀಳಲಿಲ್ಲ. ಒರೆಸುವ ಹೆಂಗಸರು ಒಣಬಟ್ಟೆ ಹಿಡಿದು ದಾರಿಯ ಎರಡೂ ಬದಿಗೆ ನಿಂತಿದ್ದರು. ಅದು ಪಟ್ಟಿಯಕ್ಕ ಕತ್ತರಿಸಿ ಕೊಟ್ಟ ಹಳೆಯ ಬೆಡ್‌ಶೀಟಿನ ತುಂಡು. ಕೆಳಗಿನ ತುದಿಯಲ್ಲಿದ್ದವಳು ಬಗ್ಗಿ ಅಂಗೈಯಿಂದ ನೆಲ ಮುಟ್ಟಿ ನೋಡಿ, ಕೈ ಎತ್ತಿದಳು. ಮೊದಲ ಪೆಟ್ಟಿಗೆ ಹೊರಟಿತು. ಏಳನೆಯದು ಹೊಸ ಗೋಡೆಗೆ ತಂತಿ ಸಿಕ್ಕಿಸಿಕೊಂಡಾಗ ಅದರ ಬ್ಯಾಟರಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಒಂದು ಕೂಸು ದಾರಿಯುದ್ದಕ್ಕೂ ನಿದ್ದೆಯಲ್ಲೇ ಇತ್ತು ಎಂದು ಅದರ ತಾಯಿ ಎಲ್ಲರಿಗೂ ಹೇಳಿಕೊಂಡು ಬಂದಳು.

ಇಲ್ಲಿಗೆ ಮುಗಿಯಬೇಕಿತ್ತು. ಸೋಮವಾರ ಆಡಳಿತಾಧಿಕಾರಿಗಳಿಂದ ಪಟ್ಟಿಯಕ್ಕನಿಗೆ ಕರೆ ಬಂತು. ಅವರು ಕೆಟ್ಟವರಲ್ಲ, ಅವರೂ ಮೇಲಿನವರಿಗೆ ಉತ್ತರ ಕೊಡಬೇಕು. ಕೂಸುಗಳನ್ನು ಸಾಗಿಸುವ ಯೋಜನೆಯೇ ಹಿಂದಿನ ದಿನ ಲಾಂಡ್ರಿ ಯಂತ್ರಕ್ಕೆ ಹೋಗಿತ್ತಂತೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ನೆಲ ಒರೆಸುವವರೆಲ್ಲ ಗುತ್ತಿಗೆಯ ಮೇಲೆ ಬಂದವರು. ಒಂದು ಹೆಸರು ಬರೆದು ಏಜೆನ್ಸಿಗೆ ಕಳಿಸಿದರೆ ಅವರು ಮಾರನೆಯ ದಿನ ಬೇರೊಬ್ಬರನ್ನು ಕಳಿಸುತ್ತಾರೆ, ಹೋದವರಿಗೆ ಬೇರೆಲ್ಲೂ ಕರೆ ಬರುವುದಿಲ್ಲ. ಸಂಜೆಯೊಳಗೆ ಹೆಸರು ಬೇಕು ಎಂದರು. ನೀವು ಅಲ್ಲಿಯೇ ಇರುವವರು, ನಿಮಗೆ ಗೊತ್ತಾಗದೆ ಇರುತ್ತದೆಯೇ ಎಂದೂ ಸೇರಿಸಿದರು.

ಅವರ ಊಹೆ ಸರಿಯಾಗಿಯೇ ಇತ್ತು. ಆ ದಿನ ಬೆಳಿಗ್ಗೆ ಲಾಂಡ್ರಿಯಿಂದ ಬಂದ ರಾಶಿಯಲ್ಲಿ ಆ ಬೆಡ್‌ಶೀಟೂ ಇತ್ತು. ಟೇಪು, ಪಟ್ಟಿ ಎಲ್ಲ ಕಿತ್ತುಹೋಗಿ ಬೆಳ್ಳಗಾಗಿತ್ತು. ಶನಿವಾರದ ಅವಸರದಲ್ಲಿ ಮಾವ ಗಂಟು ಪೂರ್ತಿ ಬಿಚ್ಚದೆಯೇ ಯಂತ್ರಕ್ಕೆ ಹಾಕಿದ್ದರು. ಎರಡು ಮೂಲೆಗಳು ಇನ್ನೂ ಒಂದಕ್ಕೊಂದು ಬಿಗಿದುಕೊಂಡೇ ಇದ್ದವು. ವರ್ಷಗಟ್ಟಲೆ ಗಂಟು ಕಟ್ಟಲು ಕಲಿಸಿ, ಹೀಗೆ ಬಿಚ್ಚದೆ ಬಂದವನ್ನು ತಾವೇ ಬಿಚ್ಚಿದವರಿಗೆ ಕಟ್ಟಿದ ಕೈ ಯಾವುದೆಂದು ತಿಳಿಯುತ್ತದೆ. ಅಡುಗೆಯ ರುಚಿಯಿಂದ ಮಾಡಿದವರು ಯಾರೆಂದು ಮನೆಮಂದಿಗೆ ಗೊತ್ತಾಗುವ ಹಾಗೆ.

ಪಟ್ಟಿಯಕ್ಕ ಆಡಳಿತಾಧಿಕಾರಿಗಳ ಮೇಜಿನ ಮುಂದೆ ನಿಂತು ಹೇಳಿದ್ದಿಷ್ಟು: “ಸರ್, ಬೆಡ್‌ಶೀಟ್ ಕಪಾಟಿನಿಂದ ತೆಗೆದಿದ್ದು ನಾನು. ನೆಲಕ್ಕೆ ಹಾಸಿದ್ದು ನಾನು. ನೆಲಕ್ಕೆ ಬಿದ್ದಿದ್ದನ್ನ ಒಗೆಯೋಕೆ ಹಾಕಿ ಅಂತ ಎಲ್ಲರಿಗೂ ಕಲಿಸಿದ್ದೂ ನಾನೇ. ಇಷ್ಟರಲ್ಲಿ ಯಾವುದು ಬರೆದುಕೊಳ್ತೀರೋ ಬರೆದುಕೊಳ್ಳಿ.” ಅವರು ಹೆಸರು ಬರೆದುಕೊಳ್ಳಲು ಪೆನ್ನು ಹಿಡಿದೇ ಇದ್ದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ಇನ್ನು ಮುಂದೆ ನೆಲದ ಮೇಲೆ ಹಾಸಬೇಡಿ ಎಂದರು. ಮತ್ತೆಲ್ಲಿ ಹಾಸಲಿ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಬೇಕಾದದ್ದು ಏನು ಎಂದು ಈಗ ಯಾರಾದರೂ ಕೇಳಿದರೆ ಪಟ್ಟಿಯಕ್ಕ ಹೇಳುವುದು ಇದನ್ನೇ. ಒಂದು ಗೋಡೆ ಬೇಕು. ಕಪಾಟಿಲ್ಲದ, ಖಾಲಿಯಾದ, ಒಂದೇ ಒಂದು ಗೋಡೆ. “ನನಗೂ ಮಂಡಿ ನೋವು. ನಿಂತುಕೊಂಡು ಯೋಚನೆ ಮಾಡಿದ್ರೆ ಹೇಗಿರುತ್ತೆ ಅಂತ ಒಂದ್ಸಲ ನೋಡಬೇಕು” ಎಂದು ನಗುತ್ತಾರೆ. ಅದು ಸಿಗುವವರೆಗೆ, ನಕ್ಷೆ ಹಾಸಿರುವಾಗ ಸ್ಟೋರಿನ ಹೊಸ್ತಿಲಿಗೆ ಅಡ್ಡವಾಗಿ ಒಂದು ಸ್ಟೂಲು ಇಡುತ್ತಾರೆ. ಹೊಸ ಸಹಾಯಕಿಯರಿಗೆ ಕಲಿಸುವ ಮಾತಿಗೂ ಬಾಲ ಬೆಳೆದಿದೆ: ನೆಲ ಮುಟ್ಟಿದ ಬಟ್ಟೆ ಒಗೆಯೋಕೆ, ಅದರ ಮೇಲೆ ಅಕ್ಷರ ಇದ್ದರೆ ಮಾತ್ರ ಕೇಳಿ.

ಕೂಸುಗಳನ್ನು ಸಾಗಿಸಿದ ಆ ಎರಡನೆಯ ನಕ್ಷೆ ಈಗ ಸ್ಟೋರಿನ ಬಾಗಿಲ ಹಿಂದೆ ಮೊಳೆಗೆ ತೂಗುತ್ತಿದೆ. ಬಾಗಿಲು ಹಾಕಿದಾಗ ಮಾತ್ರ ಕಾಣುತ್ತದೆ. ಸಾಗಣೆ ಮುಗಿದ ಮೇಲೆ ಪಟ್ಟಿಯಕ್ಕ ಅದಕ್ಕೆ ಇನ್ನೊಂದು ಪದ ಅಂಟಿಸಿದ್ದಾರೆ: ‘ನಕ್ಷೆ’. ‘ನೆಲ ಒರೆಸುವವರು’ ಎಂಬಲ್ಲಿಂದ ಅದಕ್ಕೊಂದು ಬ್ಯಾಂಡೇಜು ಪಟ್ಟಿ ಎಳೆದಿದ್ದಾರೆ. ಆ ಪಟ್ಟಿಯ ಮೇಲೆ ಏನೂ ಬರೆದಿಲ್ಲ. ಅವರ ಕೈಯ ಯಾವ ನಕ್ಷೆಯಲ್ಲೂ ಮಾತಿಲ್ಲದ ಗೆರೆ ಇನ್ನೊಂದಿಲ್ಲ. ಹೊಸ ನರ್ಸು ಅದನ್ನು ತೋರಿಸಿ, ಅಕ್ಕ, ಇದನ್ನ ಬರೆಯೋಕೆ ಮರೆತಿದೀರ ಎಂದಾಗ, ಮರೆತಿಲ್ಲ ಎಂದಷ್ಟೇ ಹೇಳಿ ದಿಂಬಿನ ಚೀಲ ಎಣಿಸಲು ತೊಡಗಿದರು.

ಗಂಟು ಇದ್ದ ವಿಷಯವನ್ನು ಅವರು ಹೇಳುತ್ತಾರೆ. ಅದು ಹೇಗಿತ್ತು ಎಂದು ಹೇಳುವುದಿಲ್ಲ. ಆ ಸೋಮವಾರ ಸಂಜೆ, ಪಾಳಿ ಬದಲಾಗುವ ಗದ್ದಲದಲ್ಲಿ ಕಾರಿಡಾರಿನ ತುಂಬ ಬಕೆಟ್ಟಿನ ಸದ್ದು ಓಡಾಡುತ್ತಿದ್ದಾಗ, ಪಟ್ಟಿಯಕ್ಕ ಸ್ಟೋರಿನ ಬಾಗಿಲು ಮುಂದಕ್ಕೆಳೆದು ಆ ಬೆಡ್‌ಶೀಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನೀರು ಕುಡಿದು ಒಣಗಿದ ಗಂಟು ಕಲ್ಲಿನಂತಾಗಿತ್ತು. ಉಗುರಿಗೆ ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದು, ಕತ್ತರಿಯ ಮೊನೆ ತೂರಿಸಿ, ನೂಲು ಹರಿಯದಂತೆ ನಿಧಾನವಾಗಿ ಸಡಿಲಿಸಿ ಬಿಚ್ಚಿದರು. ಮೂಲೆಗಳಲ್ಲಿ ಉಳಿದಿದ್ದ ನಿರಿಗೆಯನ್ನು ಅಂಗೈಯಿಂದ ಒತ್ತಿ ಒತ್ತಿ ಸಮ ಮಾಡಿದರು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಡಚಿ, ನಾನೂರು ಬೆಡ್‌ಶೀಟುಗಳ ನಡುವೆ ಎಲ್ಲೋ ಒಂದು ಕಡೆ ತೂರಿಸಿಟ್ಟರು. ಇನ್ನು ಹುಡುಕಿದರೆ ಅವರಿಗೂ ಸಿಗುವುದಿಲ್ಲ. ಗಂಟು ಕಟ್ಟಿದ್ದು ಯಾರೆಂದು ಗೊತ್ತಾದದ್ದನ್ನು ಹೆಡ್ ನರ್ಸಿಗೂ ಹೇಳುವುದಿಲ್ಲ, ಮನೆಯಲ್ಲಿ ಯಜಮಾನರಿಗೂ ಹೇಳುವುದಿಲ್ಲ, ಕಟ್ಟಿದವರಿಗಂತೂ ಹೇಳುವುದೇ ಇಲ್ಲ ಎಂದುಕೊಂಡು, ಬಾಗಿಲು ತೆರೆದರು.